ಬುಟ್ಟಿ ಛಾಪ್

ಶಹಾಬಾದಿನ ಫರ್ಸಿ ಹಾಸುಗಲ್ಲಿನ ಖಣಿಯೊಂದರಲ್ಲಿ ಗೋಡೆ ಕುಸಿದು ಏಳು ಮಂದಿ ಸತ್ತ ದಿನ ಖಂಡೆಪ್ಪ ಊರಲ್ಲಿರಲಿಲ್ಲ. ಚಿತ್ತಾಪುರದ ಹತ್ತಿರದ ಹಳ್ಳಿಯೊಂದರಲ್ಲಿ ಯಾರದೋ ಪಡಸಾಲೆಗೆ ಕಲ್ಲು ಹಾಸುತ್ತಿದ್ದ. ಸುದ್ದಿ ತಲುಪಿ, ಸಿಕ್ಕ ಲಾರಿ ಹತ್ತಿ ಬರುವಷ್ಟರಲ್ಲಿ ಹೆಣಗಳನ್ನು ಮೇಲೆತ್ತಿ ಬೇವಿನ ಮರದ ನೆರಳಿಗೆ ಸಾಲಾಗಿ ಮಲಗಿಸಿದ್ದರು. ನಾಲ್ಕನೆಯದು ಅವನ ತಂಗಿ ಸಾಬಮ್ಮ. ಮುಖದ ಮೇಲೆ ಯಾರೋ ಸೆರಗು ಎಳೆದಿದ್ದರು. ಸರಿಸಿ ನೋಡಲು ಕೈ ಚಾಚಿದಾಗ ಖಣಿಯ ಹಿರಿಯನೊಬ್ಬ ಅವನ ಮಣಿಕಟ್ಟು ಹಿಡಿದು, ನೋಡಬೇಡ, ಮೊದಲು ಹೇಗಿದ್ದಳೋ ಹಾಗೇ ಮನಸ್ಸಿನಲ್ಲಿಟ್ಟುಕೋ ಎಂದು ಹೇಳಿದ. ಖಂಡೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಸಾವಿರದ ಒಂಬೈನೂರ ಅರವತ್ತೇಳರ ಬೇಸಿಗೆ ಅದು. ಸಾಬಮ್ಮನಿಗೆ ಇಪ್ಪತ್ತಾರು ವರ್ಷ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಖಣಿಯಲ್ಲಿ ಕಲ್ಲಿನ ಮೇಲಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಸುರಿಯುವ ಕೆಲಸಕ್ಕೆ ಸೇರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಮಣ್ಣು ಕೊಟ್ಟು ಬಂದ ಮೂರನೆಯ ದಿನ ತಾಯಿ ಪೀರಮ್ಮ ಮನೆಯಲ್ಲಿದ್ದ ಒಂದೇ ಒಂದು ತಗಡಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಮಗಳ ಫೋಟೋ ಹುಡುಕಿದಳು. ಇದ್ದರಲ್ಲವೇ ಸಿಗುವುದು. ಕ್ಯಾಮೆರಾದ ಎದುರು ನಿಲ್ಲುವಂಥ ಸಂದರ್ಭ ಆ ಹುಡುಗಿಯ ಬದುಕಿನಲ್ಲಿ ಬಂದೇ ಇರಲಿಲ್ಲ.

ಎರಡು ವರ್ಷದ ಮೇಲೆ ಕೂಲಿಕಾರರ ಸಂಘದವರು ಸತ್ತವರ ನೆನಪಿಗೆ ಒಂದು ಕಲ್ಲು ನಿಲ್ಲಿಸಬೇಕೆಂದು ನಿರ್ಧರಿಸಿದರು. ಸ್ಟೇಷನ್ನಿಗೆ ಹೋಗುವ ರಸ್ತೆಯೂ ಖಣಿಗಳ ಕಡೆಗೆ ಹೋಗುವ ರಸ್ತೆಯೂ ಕೂಡುವ ನಾಕಾದಲ್ಲಿ ಜಾಗ ಗೊತ್ತಾಯಿತು. ಕೆತ್ತುವ ಕೆಲಸ ಸಹಜವಾಗಿಯೇ ಖಂಡೆಪ್ಪನಿಗೆ ಬಂತು. ಅವನು ಕಲ್ಲಿನ ಮೇಲೆ ಅಕ್ಷರ ಕೊರೆಯುವವನು. ಶಾಲೆಯ ಅಡಿಗಲ್ಲು, ಗುಡಿಯ ದಾನಿಗಳ ಹೆಸರು, ಸಮಾಧಿಯ ಕಲ್ಲು, ಎಲ್ಲವನ್ನೂ ಮಾಡುತ್ತಿದ್ದ. ಉರ್ದು ಓದಲು ಬರದಿದ್ದರೂ ಕಾಗದದಲ್ಲಿ ಬರೆದುಕೊಟ್ಟರೆ ಚುಕ್ಕಿಯೊಂದು ತಪ್ಪದಂತೆ ಗೋರಿಯ ಕಲ್ಲಿಗೆ ಇಳಿಸುತ್ತಿದ್ದ. ಆದರೆ ಮನುಷ್ಯರ ರೂಪವನ್ನು ಅವನು ಯಾವತ್ತೂ ಕೆತ್ತಿರಲಿಲ್ಲ. ಶಹಾಬಾದಿನ ಕಲ್ಲು ಹಪ್ಪಳದಂತೆ ಪದರು ಪದರಾಗಿ ಏಳುವ ಕಲ್ಲು. ನೆಲಕ್ಕೆ ಹಾಸಲು ಸರಿ, ಮೂರ್ತಿಗೆ ಒಗ್ಗುವುದಲ್ಲ. ಉಳಿ ಸ್ವಲ್ಪ ಜಾಸ್ತಿ ಆಳಕ್ಕೆ ಹೋದರೆ ಮೂಗೋ ಗಲ್ಲವೋ ಚಕ್ಕೆಯಾಗಿ ಹಾರಿಹೋಗುತ್ತದೆ.

ಆದರೂ ಅವನು ಏಳು ಹೆಸರಿನ ಮೇಲೆ ಒಂದು ರೂಪ ಇರಲಿ ಎಂದು ಸಂಘದವರಿಗೆ ತಾನೇ ಹೇಳಿದ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಣ್ಣುಮಗಳು, ಒಂದು ಕೈ ಬುಟ್ಟಿಗೆ, ಇನ್ನೊಂದು ಕೈ ಸೊಂಟಕ್ಕೆ. ಯಾವ ಹೆಣ್ಣುಮಗಳು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸತ್ತ ಏಳು ಮಂದಿಯಲ್ಲಿ ಹೆಣ್ಣು ಅವಳೊಬ್ಬಳೇ.

ಎಂಟು ತಿಂಗಳು ಹಿಡಿಯಿತು. ಎರಡು ಕಲ್ಲು ಒಡೆದುಹೋದವು. ಮೂರನೆಯ ಕಲ್ಲಿನಲ್ಲಿ ಮುಖ ಮೂಡತೊಡಗಿದಾಗ ಪೀರಮ್ಮ ದಿನಾ ಮಧ್ಯಾಹ್ನ ಬಂದು ಕಲ್ಲಿನ ಪಕ್ಕ ಕೂರುವುದಕ್ಕೆ ಶುರುಮಾಡಿದಳು. ಅವಳ ಕಣ್ಣು ಆಗಲೇ ಮಂಜಾಗಿತ್ತು. ಬೆರಳಿನಿಂದ ಕಲ್ಲನ್ನು ಸವರಿ ಸವರಿ ನೋಡಿ, ಗದ್ದ ಇಷ್ಟು ಚೂಪಿರಲಿಲ್ಲ, ಹುಬ್ಬಿನ ನಡುವೆ ಇನ್ನೂ ಸ್ವಲ್ಪ ತಗ್ಗಿತ್ತು ಎಂದು ಹೇಳುತ್ತಿದ್ದಳು. ಖಂಡೆಪ್ಪ ಅವಳು ಹೇಳಿದಲ್ಲಿ ಉಗುರಿನಷ್ಟು ತೆಗೆಯುತ್ತಿದ್ದ, ಮತ್ತೆ ಅವಳು ಸವರುತ್ತಿದ್ದಳು. ಒಂದು ದಿನ ಅವಳು ಎರಡೂ ಅಂಗೈಗಳಿಂದ ಆ ಮುಖವನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಳು, ತಿದ್ದು ಎನ್ನಲಿಲ್ಲ. ಅಂದಿನಿಂದ ಖಂಡೆಪ್ಪ ಮುಖಕ್ಕೆ ಉಳಿ ಮುಟ್ಟಿಸಲಿಲ್ಲ.

ಕಲ್ಲು ನಿಲ್ಲಿಸಿದ ದಿನ ವಾಡಿಯಿಂದ ಅಮೀರ್ ಅಲಿ ಬಂದ. ಅವನೂ ಶಹಾಬಾದಿನವನೇ. ಖಂಡೆಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಒಂದೇ ಓಣಿಯಲ್ಲಿ ಬೆಳೆದವನು. ವಾಡಿ ಜಂಕ್ಷನ್ನಿನ ಎದುರು ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ತನ್ನ ದೊಡ್ಡ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂಡಿಸಿ, ಬಿಸಿಲು ಓರೆಯಾಗಿ ಬೀಳುವವರೆಗೆ ಕಾದ. ಕೆತ್ತನೆ ಬೆರಳು ದಪ್ಪದಷ್ಟೇ ಇದ್ದುದರಿಂದ ನೆತ್ತಿಯ ಬಿಸಿಲಿನಲ್ಲಿ ಮುಖ ಕಾಣುತ್ತಿರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನೆರಳು ಸರಿಯಾಗಿ ಬಿದ್ದು ಸಾಬಮ್ಮ ಕಲ್ಲಿನಿಂದ ಈಚೆಗೆ ಬಂದಂತೆ ಕಂಡಳು. ಆಗ ತೆಗೆದ. ತಾಯಿಗಾಗಿ ಒಂದು ಫೋಟೋ ತೆಗೆದುಕೊಡು ಎಂದು ಅವನಿಗೆ ಹೇಳಿಕಳಿಸಿದ್ದವನು ಖಂಡೆಪ್ಪನೇ. ವಾರದ ಮೇಲೆ ಅದನ್ನು ಕಟ್ಟು ಹಾಕಿಸಿ ತಂದಾಗ ಖಂಡೆಪ್ಪ ಎರಡು ರೂಪಾಯಿ ತೆಗೆದು ಕೊಡಲು ಹೋದ. ಅಮೀರ್ ಅಲಿ ಅವನ ಮುಷ್ಟಿಯನ್ನು ಮಡಚಿ ಹಿಂದಕ್ಕೆ ತಳ್ಳಿದ.

“ಸಾಬವ್ವ ನನಗೂ ತಂಗಿನೇ. ಅಕಿ ಫೋಟೋಕ್ಕ ನಾ ರೊಕ್ಕ ತಗೋಬೇಕೇನು?”

ಪೀರಮ್ಮನಿಗೆ ಫೋಟೋ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಅದನ್ನು ಮಲಗುವ ಜಾಗದ ಗೋಡೆಗೆ ತೂಗುಹಾಕಿಸಿಕೊಂಡಳು.

*

ಎಪ್ಪತ್ತೊಂದರ ದೀಪಾವಳಿಗೆ ಮುಂಚೆ ಖಂಡೆಪ್ಪ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಪಕ್ಕದವನು ಹೊಸ ಬೀಡಿ ಕಟ್ಟು ಬಿಚ್ಚಿ, ಸುತ್ತಿದ್ದ ಕಾಗದವನ್ನು ಕೆಳಗೆ ಒಗೆದ. ಗಾಳಿಗೆ ಅದು ಖಂಡೆಪ್ಪನ ಕಾಲಿನ ಹತ್ತಿರ ಬಂದು ನಿಂತಿತು. ತೆಳು ಬಿಳಿ ಕಾಗದ, ಕೆಂಪು ಶಾಯಿ. ಮೇಲೆ ಕನ್ನಡ, ತೆಲುಗು, ಉರ್ದುವಿನಲ್ಲಿ ‘ಬುಟ್ಟಿ ಛಾಪ್ ಬೀಡಿ’ ಎಂದಿತ್ತು. ನಡುವೆ ಅವನ ತಂಗಿ ಇದ್ದಳು. ಅದೇ ಓರೆ ಬಿಸಿಲು, ಅದೇ ನೆರಳು. ಕಲ್ಲಿನ ಕೆಳಗಿನ ಏಳು ಹೆಸರುಗಳು ಕಾಣದಂತೆ ಚಿತ್ರವನ್ನು ಅವುಗಳ ಮೇಲಕ್ಕೆ ಸರಿಯಾಗಿ ಕತ್ತರಿಸಿದ್ದರು.

ಅವನು ಕಾಗದವನ್ನು ಎತ್ತಿಕೊಂಡು ಧೂಳು ಒರೆಸಿ ಜೇಬಿನಲ್ಲಿಟ್ಟುಕೊಂಡ. ತಾಯಿಗೆ ಹೇಳಲಿಲ್ಲ. ಆದರೆ ಇಂಥದ್ದನ್ನು ಎಷ್ಟು ದಿನ ಮುಚ್ಚಿಡಬಹುದು? ಬೀಡಿ ಹೊಸದು, ಬೆಲೆ ಕಡಿಮೆ, ಖಣಿಯ ಗಂಡಸರೆಲ್ಲ ಅದನ್ನೇ ಸೇದತೊಡಗಿದರು. ಪಕ್ಕದ ಮನೆಯ ಚಂದಮ್ಮ ಒಂದು ದಿನ ಪೀರಮ್ಮನ ಕೈಗೆ ಕಾಗದ ಕೊಟ್ಟು, ನಿನ್ನ ಮಗಳ ಚಿತ್ರ ದೂರ ದೂರದ ಊರಿಗೆಲ್ಲ ಹೋಗಿದೆಯಂತೆ ಎಂದಳು. ಖುಷಿಪಡುತ್ತಾಳೆಂದೇ ಅವಳು ಹಾಗೆ ಹೇಳಿದ್ದು. ಪೀರಮ್ಮ ಆ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಇದನ್ನು ಮಂದಿ ಏನು ಮಾಡುತ್ತಾರೆ ಎಂದು ಕೇಳಿದಳು. ಹರಿದು ಒಗೆಯುತ್ತಾರೆ ಎಂದು ಚಂದಮ್ಮ ಹೇಳಬೇಕಾಯಿತು.

ಮರುದಿನದಿಂದ ಪೀರಮ್ಮ ರಸ್ತೆಯಲ್ಲಿ ಬಗ್ಗಿ ನಡೆಯತೊಡಗಿದಳು. ಚಹದಂಗಡಿಯ ಮುಂದೆ, ಬಸ್ ನಿಲ್ಲುವ ಕಡೆ, ಚರಂಡಿಯ ಅಂಚಿನಲ್ಲಿ ಬಿದ್ದ ಬೀಡಿ ಕಾಗದಗಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಮಂಜುಗಣ್ಣಿಗೆ ಬಿಳಿ ಕಾಗದವೆಲ್ಲ ಒಂದೇ. ಮನೆಗೆ ತಂದು ಖಂಡೆಪ್ಪನ ಮುಂದೆ ಸುರಿದು, ಇದರಲ್ಲಿ ನಮ್ಮವು ಯಾವವು ನೋಡು ಎನ್ನುವಳು. ಅವನು ಪೆಪ್ಪರಮಿಂಟಿನ ಕಾಗದ, ಹರಿದ ಟಿಕೀಟುಗಳನ್ನು ಬೇರೆ ಮಾಡಿ ತಂಗಿಯ ಮುಖ ಇದ್ದವನ್ನು ಅವಳ ಕೈಗೆ ಕೊಡುತ್ತಿದ್ದ. ಕೆಲವದರ ಮೇಲೆ ಚಪ್ಪಲಿಯ ಗುರುತಿರುತ್ತಿತ್ತು. ಅವಳು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದರ ಮೇಲೊಂದು ಜೋಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಬೇಡವೆಂದು ಅವನು ಎರಡು ಮೂರು ಸಲ ಹೇಳಿ ನೋಡಿದ. ಅವಳು ಬಿಡಲಿಲ್ಲ.

ಆಗ ಅವನು ಒಂದು ದಿನ ಕೆಲಸ ಬಿಟ್ಟು ಚಿತ್ತಾಪುರದ ಕೋರ್ಟಿಗೆ ಹೋಗಿ ಶರಣಬಸಪ್ಪ ವಕೀಲರನ್ನು ಕಂಡ. ಅವರ ತಂದೆಯ ಸಮಾಧಿಗೆ ಅಕ್ಷರ ಕೊರೆದುಕೊಟ್ಟವನು ಇವನೇ ಆದ್ದರಿಂದ ಪರಿಚಯವಿತ್ತು. ವಕೀಲರು ಕಾಗದವನ್ನೂ ಕಟ್ಟು ಹಾಕಿಸಿದ ಫೋಟೋವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಕಪಾಟಿನಿಂದ ಪುಸ್ತಕ ತೆಗೆದರು, ಹಾಳೆ ತಿರುವಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಐವತ್ತೇಳರಲ್ಲಿ ಆದ ಕಾಯ್ದೆ ಇದೆ, ಬರೆದದ್ದು, ಬಿಡಿಸಿದ್ದು, ಕೆತ್ತಿದ್ದು ಮಾಡಿದವನದೇ ಎಂದು ಅದು ಹೇಳುತ್ತದೆ ಎಂದರು. ಖಂಡೆಪ್ಪನಿಗೆ ಜೀವ ಬಂದಂತಾಯಿತು. ಆದರೆ ವಕೀಲರು ಮಾತು ಮುಗಿಸಿರಲಿಲ್ಲ.

“ಮಂದಿ ಓಡಾಡು ಜಾಗದಾಗ ಖಾಯಂ ನಿಲ್ಲಿಸಿದ ಮೂರ್ತಿಗಿ ಈ ಮಾತು ಹತ್ತಂಗಿಲ್ಲ, ಖಂಡೆಪ್ಪ. ಅದರ ಫೋಟೋ ಯಾರು ಬೇಕಾದ್ರೂ ತೆಗೀಬಹುದು, ಚಿತ್ರ ಬರೀಬಹುದು, ಅಚ್ಚು ಹಾಕಿ ಹಂಚಬಹುದು. ಕೆತ್ತಿದಂವನ್ನ ಕೇಳಬೇಕಂತಿಲ್ಲ. ಅದೇ ಕಲ್ಲು ನಿನ್ನ ಮನಿ ಒಳಗ ಇತ್ತಂದ್ರ ಮಾತು ಬ್ಯಾರೆ ಇತ್ತು.”

ಇದೆಂಥ ಕಾಯ್ದೆ ಎಂದು ಖಂಡೆಪ್ಪ ಕೇಳಿದ. ವಕೀಲರು ಬೇಸರಪಡದೆ ತಿಳಿಸಿದರು. ಹಾಗಿಲ್ಲದಿದ್ದರೆ ರಸ್ತೆಯಲ್ಲಿ ನಿಂತು ಫೋಟೋ ತೆಗೆಯುವವರೆಲ್ಲ ಕಂಡ ಕಂಡ ಮೂರ್ತಿಗೂ ಗುಮ್ಮಟಕ್ಕೂ ಪರವಾನಗಿ ಕೇಳುತ್ತ ತಿರುಗಬೇಕಾಗುತ್ತದೆ. ಊರಿನ ನಡುವೆ ನಿಲ್ಲಿಸಿದ್ದು ಊರಿಗೆಲ್ಲ ಸೇರಿದ್ದು, ಕಾಯ್ದೆ ಮಾಡಿದವರ ವಿಚಾರ ಅದು, ತಪ್ಪೂ ಅಲ್ಲ. ಖಂಡೆಪ್ಪನಿಗೆ ಅದೂ ಅರ್ಥವಾಯಿತು. ಎಲ್ಲರೂ ನೋಡಲಿ ಎಂದೇ ಅಲ್ಲವೇ ಕಲ್ಲನ್ನು ನಾಕಾದಲ್ಲಿ ನಿಲ್ಲಿಸಿದ್ದು. ಎದ್ದು ಹೊರಡುವಷ್ಟರಲ್ಲಿ ವಕೀಲರು ಇನ್ನೊಂದು ಪ್ರಶ್ನೆ ಕೇಳಿದರು. ಈ ಫೋಟೋ ತೆಗೆಯಲು ಹೇಳಿದವರು ಯಾರು?

ನಾನೇ, ಎಂದ ಖಂಡೆಪ್ಪ.

“ರೊಕ್ಕ ಕೊಟ್ಟಿದ್ದೇನು?”

ಎರಡು ರೂಪಾಯಿ ಕೊಡಲು ಹೋಗಿದ್ದೆ ಎಂದಷ್ಟೇ ಅವನು ಹೇಳಿದ. ವಕೀಲರು ಪುಸ್ತಕವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಮೂರ್ತಿಯ ಮಾತು ಬಿಡು, ಫೋಟೋಕ್ಕೆ ಬೇರೆ ಲೆಕ್ಕವಿದೆ. ಯಾರಾದರೂ ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೋ ತೆಗೆಸಿದವನದು, ತೆಗೆದವನದಲ್ಲ. ಎರಡು ರೂಪಾಯಿ ಕೊಟ್ಟಿದ್ದರೂ ಸಾಕು, ಆ ಫೋಟೋ ನಿನ್ನದಾಗುತ್ತಿತ್ತು. ಬೀಡಿಯವನು ಅಚ್ಚು ಹಾಕಿದ್ದು ಆ ಫೋಟೋದಿಂದಲೇ ಎಂಬುದು ನೆರಳು ನೋಡಿದರೆ ಗೊತ್ತಾಗುತ್ತದೆ. ನಾಳೆಯೇ ನೋಟೀಸು ಕೊಟ್ಟು ನಿಲ್ಲಿಸಬಹುದಿತ್ತು. ಹಣ ತೆಗೆದುಕೊಳ್ಳದೆ ತೆಗೆದಿದ್ದರೆ ಫೋಟೋ ಆ ಫೋಟೋದವನದೇ, ಅವನು ಯಾರಿಗೆ ಬೇಕಾದರೂ ಮಾರಬಹುದು ಎಂದರು.

ಖಂಡೆಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಅಮೀರ್ ಅಲಿ ಮಡಚಿದ್ದು ಆ ಮುಷ್ಟಿಯನ್ನೇ. ಹಣ ಕೊಟ್ಟದ್ದಕ್ಕೆ ರಸೀದಿಯೇನಾದರೂ ಇದ್ದರೆ ಹುಡುಕು ಎಂದು ವಕೀಲರು ಹೇಳಿದರು. ಆಮೇಲೆ, ಒಂದು ಮಾತು ತಿಳಿದಿರಲಿ ಎಂದು ಸೇರಿಸಿದರು. ಅಂಥ ರಸೀದಿ ಹೊರಬಿದ್ದರೆ ಆ ಫೋಟೋದವನು ತನ್ನದಲ್ಲದ್ದನ್ನು ಮಾರಿದಂತಾಗುತ್ತದೆ. ಬೀಡಿಯವರು ಅವನ ಮೇಲೆ ಬೀಳದೆ ಬಿಡುವುದಿಲ್ಲ.

*

ಅಮೀರ್ ಅಲಿ ಕೆಲವು ತಿಂಗಳಿಂದ ಶಹಾಬಾದಿಗೆ ಬಂದಿರಲಿಲ್ಲ. ಈದ್‌ಗೂ ಬಂದಿರಲಿಲ್ಲ. ಕೆಲಸ ಜಾಸ್ತಿಯಿರಬೇಕೆಂದು ಖಂಡೆಪ್ಪ ತಿಳಿದುಕೊಂಡಿದ್ದ. ವಾಡಿಯಲ್ಲಿ ರೈಲಿಳಿದು ಸ್ಟುಡಿಯೋದ ಬಾಗಿಲಲ್ಲಿ ನಿಂತಾಗ ಅಮೀರ್ ಅಲಿ ಯಾವುದೋ ಪಾಸ್‌ಪೋರ್ಟ್ ಫೋಟೋಗಳ ಅಂಚು ಕತ್ತರಿಸುತ್ತಿದ್ದ. ತಲೆ ಎತ್ತಿದವನೇ ಕತ್ತರಿ ಕೆಳಗಿಟ್ಟ. ಇವನು ಯಾಕೆ ಬಂದಿದ್ದಾನೆಂದು ಅವನಿಗೆ ಹೇಳಬೇಕಾಗಲಿಲ್ಲ. ಬರುವ ದಿನಕ್ಕಾಗಿಯೇ ಕಾದು ಸೋತವನಂತೆ ಕಂಡ.

ಹೆಂಡತಿ ಅಖ್ತರ ಬೇಗಂ ಒಳಗಿನಿಂದ ಚಹ ತಂದಿಟ್ಟು ಹೋದಳು. ಅಮೀರ್ ಅಲಿ ನಡೆದದ್ದನ್ನು ಒಂದೂ ಮುಚ್ಚದೆ ಹೇಳಿದ. ಆ ಫೋಟೋದ ದೊಡ್ಡ ಪ್ರತಿಯೊಂದನ್ನು ಮಾಡಿ ಅಂಗಡಿಯ ಗಾಜಿನ ಹಿಂದೆ ಇಟ್ಟಿದ್ದ. ತಾನು ತೆಗೆದದ್ದರಲ್ಲೆಲ್ಲ ಒಳ್ಳೆಯ ಫೋಟೋ ಅದು. ರೈಲು ಬದಲಿಸಲು ಇಳಿದ ಒಬ್ಬ ಮನುಷ್ಯ ಅದನ್ನು ನೋಡಿ ಒಳಗೆ ಬಂದ. ಯಾರು ಈಕೆ ಎಂದು ಅವನೂ ಕೇಳಲಿಲ್ಲ, ಯಾತಕ್ಕೆ ಬೇಕು ಎಂದು ಇವನೂ ಕೇಳಲಿಲ್ಲ. ಅಚ್ಚು ಹಾಕಿಸುತ್ತೇವೆ ಎಂದಷ್ಟೇ ಹೇಳಿ ನಲವತ್ತು ರೂಪಾಯಿ ಕೊಟ್ಟು ನೆಗೆಟಿವ್ ಒಯ್ದ. ಕ್ಯಾಲೆಂಡರು ಇರಬೇಕೆಂದು ಅಮೀರ್ ಅಲಿ ಅಂದುಕೊಂಡ. ಸಾಬಮ್ಮ ನಾಲ್ಕು ಮಂದಿಯ ಮನೆಯ ಗೋಡೆಯ ಮೇಲೆ ಇರುತ್ತಾಳೆ ಎಂದು ಖುಷಿಯೂ ಆಗಿತ್ತು. ಮೊದಲ ಬೀಡಿ ಕಟ್ಟು ನೋಡಿದ ದಿನ ಊಟ ಸೇರಲಿಲ್ಲ. ಆಮೇಲೆ ಪೀರಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ.

ಖಂಡೆಪ್ಪ ಬೈಯಬೇಕೆಂದೇ ಬಂದಿದ್ದ. ರೈಲಿನಲ್ಲಿ ಮಾತು ಕೂಡಿಸಿಕೊಂಡಿದ್ದ. ಈಗ ಆ ಮಾತುಗಳೆಲ್ಲ ಎಲ್ಲಿ ಹೋದವೋ. ವಕೀಲರು ಹೇಳಿದ್ದನ್ನಷ್ಟೇ ಹೇಳಿದ. ಅಮೀರ್ ಅಲಿ ಕೇಳುತ್ತಾ ಕೇಳುತ್ತಾ ಮೇಜಿನ ಖಾನೆ ಎಳೆದು ಸ್ಟುಡಿಯೋದ ರಸೀದಿ ಪುಸ್ತಕ ತೆಗೆದ. ಹಳೆಯ ತಾರೀಖು ಹಾಕಿದ. ಶಹಾಬಾದ ನಾಕಾದ ಕಲ್ಲಿನ ಫೋಟೋ ಒಂದು, ಖಂಡೆಪ್ಪನವರಿಂದ ಎರಡು ರೂಪಾಯಿ ಬಂದಿದೆ ಎಂದು ಬರೆದು ಸಹಿ ಮಾಡಿ ಹರಿದು ಕೊಟ್ಟ.

“ನಿನ್ನ ಮ್ಯಾಲ ಕೇಸ್ ಹಾಕ್ತಾರ, ಅಮೀರಣ್ಣ,” ಎಂದ ಖಂಡೆಪ್ಪ.

“ಹಾಕ್ಲಿ. ಯವ್ವ ರಸ್ತಾದಾಗ ಕಾಗದ ಆರಿಸಾಕತ್ಯಾಳಂತ ಕೇಳೀನಿ ನಾ. ಅದನ್ನ ಕೇಳಿ ಹ್ಯಾಂಗ ಇರ್ಲಿ ಹೇಳು.”

ಬಾಗಿಲ ಪರದೆಯ ಹಿಂದೆ ಅಖ್ತರ ಬೇಗಂ ನಿಂತಿರುವುದು ಖಂಡೆಪ್ಪನಿಗೆ ಕಾಣುತ್ತಿತ್ತು. ಅವಳು ಬೇಡವೆನ್ನಲಿಲ್ಲ. ಅವಳ ಕಾಲ ಬೆರಳುಗಳು ಮಾತ್ರ ನೆಲವನ್ನು ಒತ್ತಿಕೊಂಡಿದ್ದವು. ಖಂಡೆಪ್ಪ ರಸೀದಿಯನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಶಹಾಬಾದಿನ ಗಾಡಿ ಹತ್ತಿದ.

ಮನೆಗೆ ಬಂದಾಗ ಪೀರಮ್ಮ ಅಂಗಳದ ಬಿಸಿಲಿನಲ್ಲಿ ಕಾಗದ ಒಣಹಾಕುತ್ತಿದ್ದಳು. ಹಾರದಂತೆ ಒಂದೊಂದರ ಮೇಲೂ ಹರಳು ಇಟ್ಟಿದ್ದಳು. ಅವನು ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ. ನಾಕಾದ ಕಲ್ಲಿನ ಮೇಲೆ ನಮಗೆ ಹಕ್ಕಿಲ್ಲ, ಆದರೆ ಅಮೀರಣ್ಣ ಅಂದು ಹಣ ತೆಗೆದುಕೊಂಡಿದ್ದ ಎಂದು ನಾವು ಕೋರ್ಟಿನಲ್ಲಿ ಹೇಳಿದರೆ ಬೀಡಿಯವರು ಈ ಚಿತ್ರ ನಿಲ್ಲಿಸಲೇಬೇಕಾಗುತ್ತದೆ ಎಂದ. ಅದರಿಂದ ಅಮೀರ್ ಅಲಿಗೆ ಏನಾಗಬಹುದು ಎನ್ನುವುದನ್ನೂ ಹೇಳಿದ. ಮುಚ್ಚಿಟ್ಟು ಅವಳ ಒಪ್ಪಿಗೆ ಪಡೆಯುವುದು ಅವನಿಂದ ಆಗಲಿಲ್ಲ.

“ಅಂವ ರೊಕ್ಕ ತಗೊಂಡಿದ್ದಿಲ್ಲಲ್ಲ,” ಎಂದಳು ಪೀರಮ್ಮ.

“ಇಲ್ಲ, ಯವ್ವ.”

“ಮತ್ತ ತಗೊಂಡಾನಂತ ಯಾಕ ಅನ್ನದು? ಅಕಿ ಇದ್ದಾಗ ಯಾರೂ ಅಕಿಗಿ ಏನೂ ಪುಗಸಟ್ಟೆ ಕೊಡಲಿಲ್ಲ. ಸತ್ತ ಮ್ಯಾಲ ಅಮೀರ ಒಬ್ಬಾಂವ ಕೊಟ್ಟ. ಅದನ್ನೂ ಸುಳ್ಳ ಮಾಡ್ತೀ ಏನು?”

ಖಂಡೆಪ್ಪ ಒಳಗೆ ಹೋದ. ಒಳಜೇಬಿನಿಂದ ರಸೀದಿ ತೆಗೆದು, ಒಲೆಯಲ್ಲಿ ಇನ್ನೂ ಕೆಂಡವಿತ್ತು, ಅದರೊಳಗಿಟ್ಟ. ಎದ್ದು ಹೊರಗೆ ಬಂದು, ಬೀಡಿಯವರನ್ನು ಹೋಗಿ ಕೇಳೋಣ, ಅವರೂ ಮನುಷ್ಯರೇ ಎಂದ. ಹಾಗೆ ಅಂದದ್ದು ತಾಯಿಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಂತಿತ್ತು.

*

ಸಂಕ್ರಾಂತಿ ಕಳೆದ ಮೇಲೆ ಮೂವರೂ ಬೀಡಿಯ ಕಾರ್ಖಾನೆಯಿದ್ದ ಸೇಡಂಗೆ ಹೋದರು. ಅಮೀರ್ ಅಲಿ ವಾಡಿಯಲ್ಲಿ ಜೊತೆಗೂಡಿಕೊಂಡ. ಪೀರಮ್ಮ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಮಾತ್ರ ಕೇಳಿದಳು. ಅವನು ಕಿಟಕಿಯ ಹೊರಗೆ ನೋಡಿದ. ಮಳಖೇಡ ದಾಟುವವರೆಗೆ ಅವಳು ಅವನ ಕೈಯನ್ನು ತನ್ನ ತೊಡೆಯ ಮೇಲೆ ಹಿಡಿದುಕೊಂಡಿದ್ದಳು.

ಬೀಡಿಯ ಮಾಲೀಕ ಅಮೃತಪ್ಪ ಐವತ್ತು ದಾಟಿದ ಮೆತ್ತಗಿನ ಮನುಷ್ಯ. ಬಂದವರನ್ನು ಕೂಡಿಸಿ ಮಜ್ಜಿಗೆ ಕೊಡಿಸಿದ. ವಿಷಯ ಕೇಳಿ ಅವನಿಗೆ ನಿಜವಾಗಿಯೂ ಗಾಬರಿಯಾಯಿತು. ಕಲ್ಲಿನ ಚಿತ್ರ ಎಂದಷ್ಟೇ ಅವನಿಗೆ ಗೊತ್ತಿತ್ತು. ಅದು ಒಬ್ಬ ಹೆಣ್ಣುಮಗಳ ಮುಖ, ಅವಳ ತಾಯಿ ಬದುಕಿದ್ದಾಳೆ ಎನ್ನುವುದು ಅವನ ತಲೆಗೇ ಬಂದಿರಲಿಲ್ಲ. ಅಚ್ಚು ಹಾಕಿಸುವ ಮೊದಲು ತಾನೂ ವಕೀಲರನ್ನು ಕೇಳಿದ್ದೆ, ರಸ್ತೆಯಲ್ಲಿ ನಿಂತ ಕಲ್ಲು, ಫೋಟೋ ಕೊಂಡದ್ದು, ತೊಂದರೆಯಿಲ್ಲ ಎಂದಿದ್ದರು ಎಂದ. ಈಗ ಚಿತ್ರ ಬದಲಿಸಿದರೆ ವ್ಯಾಪಾರ ಬಿದ್ದುಹೋಗುತ್ತದೆ ಎನ್ನುವುದನ್ನೂ ಹೇಳಿದ. ಕೊಳ್ಳುವವರಲ್ಲಿ ಓದಲು ಬರುವವರು ಕಡಿಮೆ. ಅಂಗಡಿಗೆ ಬಂದು ಬುಟ್ಟಿಯ ಚಿತ್ರದ್ದು ಕೊಡು ಎನ್ನುತ್ತಾರೆ. ಬೇಕಾದರೆ ತಾಯಿಗೆ ಏನಾದರೂ ಕೊಡುತ್ತೇನೆ ಎಂದ. ಪೀರಮ್ಮ ಬೇಡವೆಂದು ತಲೆಯಾಡಿಸಿದಳು. ಅವನು ಒತ್ತಾಯಿಸಲಿಲ್ಲ.

ಹಿಂದಿನ ಪಡಸಾಲೆಯಲ್ಲಿ ಮೂವತ್ತು ನಲವತ್ತು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ತಂಬಾಕಿನ ಘಾಟಿಗೆ ಪೀರಮ್ಮನಿಗೆ ಕೆಮ್ಮು ಬಂತು. ಆದರೂ ಗೋಡೆ ಹಿಡಿದು ಒಳಗೆ ಹೋದಳು. ಖಂಡೆಪ್ಪ ಹಿಂದೆಯೇ ಹೋದ. ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಕಟ್ಟುಗಳಿಗೆ ಕಾಗದ ಸುತ್ತಿ ಗಂಜಿ ಹಚ್ಚಿ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಅವಳ ಹೆಸರು ಹಣಮಮ್ಮ. ಸುತ್ತಿದ ಕಟ್ಟುಗಳು ಅವಳ ಪಕ್ಕದಲ್ಲಿ ರಾಶಿಯಾಗಿದ್ದವು. ಎಲ್ಲದರ ಮೇಲೂ ಸಾಬಮ್ಮ ಇದ್ದಳು.

ಪೀರಮ್ಮ ಕೆಳಗೆ ಕೂತು ಒಂದು ಕಟ್ಟನ್ನು ಕೈಗೆತ್ತಿಕೊಂಡಳು. ಇವಳು ಯಾರೆಂದು ನಿನಗೆ ಗೊತ್ತೇ ಎಂದು ಕೇಳಿದಳು. ಯಾವುದೋ ದೇವತೆ ಇರಬೇಕು, ನಾವೆಲ್ಲ ಬುಟ್ಟೆವ್ವ ಅನ್ನುತ್ತೇವೆ, ಬೆಳಗ್ಗೆ ಮೊದಲ ಕಟ್ಟನ್ನು ಕಣ್ಣಿಗೊತ್ತಿಕೊಂಡೇ ಕೆಲಸ ಶುರು ಮಾಡುತ್ತೇವೆ ಎಂದು ಹಣಮಮ್ಮ ಹೇಳಿದಳು.

“ದೇವರಲ್ಲವ್ವ. ನನ್ನ ಮಗಳು. ಸಾಬವ್ವ ಅಂತ ಅಕಿ ಹೆಸರು. ಖಣ್ಯಾಗ ಸತ್ಳು.”

ಹಣಮಮ್ಮನ ಹೆಬ್ಬೆರಳು ಅಲ್ಲಿಯೇ ನಿಂತಿತು. ಸುತ್ತಲಿನವರು ಒಬ್ಬೊಬ್ಬರಾಗಿ ಕೆಲಸ ನಿಲ್ಲಿಸಿ ತಿರುಗಿ ನೋಡಿದರು. ಯಾರೋ ಮೊರವನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಒಬ್ಬಳು ಎದ್ದು ಬಂದು ಪೀರಮ್ಮನಿಗೆ ನೀರು ಕೊಟ್ಟಳು. ಈ ಬೀಡಿ ನಿಂತರೆ ನೀವೇನು ಮಾಡುತ್ತೀರಿ ಎಂದು ಪೀರಮ್ಮ ಅವಳನ್ನು ಕೇಳಿದಳು. ಆ ಹೆಂಗಸು ಖಾಲಿ ತಂಬಿಗೆ ಹಿಂದಕ್ಕೆ ತೆಗೆದುಕೊಂಡಳು. ಅವಳ ಬೆರಳ ತುದಿಗಳು ತಂಬಾಕಿನಿಂದ ಕಪ್ಪಾಗಿದ್ದವು.

ಹೊರಗೆ ಬಂದ ಮೇಲೆ ಚಿತ್ರ ನಿಲ್ಲಿಸಬೇಕೆಂದು ಪೀರಮ್ಮ ಅಮೃತಪ್ಪನನ್ನು ಮತ್ತೆ ಕೇಳಲಿಲ್ಲ. ಅವನು ಮಾತ್ರ ಬಾಗಿಲವರೆಗೆ ಬಂದು, ಮುಂದಿನ ಸಲ ಅಚ್ಚು ಹಾಕಿಸುವಾಗ ಚಿತ್ರದ ಕೆಳಗೆ ಅವಳ ಹೆಸರು ಹಾಕಿಸುತ್ತೇನೆ ಎಂದ. ಖಂಡೆಪ್ಪ ಬೇಡವೆಂದ. ಹೆಸರೂ ಕಾಲ ಕೆಳಗೆ ಬರುವುದು ಬೇಡ, ಅದೊಂದಾದರೂ ಕಲ್ಲಿನ ಮೇಲೆ ಇರಲಿ.

*

ಪೀರಮ್ಮ ಅದಾದ ಮೇಲೆ ಮೂರು ವರ್ಷ ಬದುಕಿದ್ದಳು. ರಾಜ್ಯದ ಹೆಸರು ಬದಲಾಯಿತು, ನಾಕಾದಲ್ಲಿ ಹೊಸ ಬಸ್ಸುಗಳು ನಿಲ್ಲತೊಡಗಿದವು. ಆ ಜಾಗಕ್ಕೆ ಕಂಡಕ್ಟರುಗಳು ‘ಬುಟ್ಟಿ ಛಾಪ್’ ಎಂದೇ ಕೂಗುವುದು ರೂಢಿಯಾಯಿತು. ಕಲ್ಲು ಬೀಡಿ ಕಂಪನಿಯವರು ನಿಲ್ಲಿಸಿದ್ದೆಂದು ಹೊಸಬರು ತಿಳಿಯುತ್ತಿದ್ದರು. ಪೀರಮ್ಮ ಒಂದು ದಿನ ಕಂಡಕ್ಟರನೊಬ್ಬನ ತೋಳು ಹಿಡಿದು ನಿಲ್ಲಿಸಿ, ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಏಳು ಹೆಸರುಗಳನ್ನೂ ಗಟ್ಟಿಯಾಗಿ ಓದಿಸಿದಳೆಂದು ಊರಲ್ಲಿ ಹೇಳುತ್ತಿದ್ದರು. ಅವನು ಓದಿ ಮುಗಿಸುವವರೆಗೆ ಬಸ್ಸು ನಿಂತಿತ್ತಂತೆ. ಮರುದಿನ ಮತ್ತೆ ‘ಬುಟ್ಟಿ ಛಾಪ್’ ಎಂದೇ ಕೂಗಿದ. ಅವನ ಮೇಲೆ ಅವಳು ಸಿಟ್ಟಾಗಲಿಲ್ಲ.

ಕಾಗದ ಆರಿಸುವುದನ್ನು ಮಾತ್ರ ಬಿಡಲಿಲ್ಲ. ಕಣ್ಣು ಪೂರ್ತಿ ಹೋದ ಮೇಲೆ ಕೋಲಿನ ತುದಿಯಿಂದ ತಡಕಿ ಆರಿಸುತ್ತಿದ್ದಳು. ಎಪ್ಪತ್ತೈದರ ಮಾಘದಲ್ಲಿ, ಮುಂಜಾನೆಯ ಚಳಿಯಲ್ಲಿ ರಸ್ತೆಯ ಅಂಚಿನಲ್ಲಿ ಬಗ್ಗಿದ್ದವಳು ಏಳಲಿಲ್ಲ. ಎತ್ತಿ ತಂದವರು ಅವಳ ಮುಷ್ಟಿ ಬಿಡಿಸಿದಾಗ ಅದರಲ್ಲಿದ್ದದ್ದು ಯಾವುದೋ ಸೋಪಿನ ಕಾಗದ. ಖಂಡೆಪ್ಪ ಅದನ್ನು ಯಾರಿಗೂ ತೋರಿಸದೆ ಮಡಚಿ ಇಟ್ಟುಕೊಂಡ. ಅಮೀರ್ ಅಲಿ ವಾಡಿಯಿಂದ ಬಂದು ಹೆಗಲು ಕೊಟ್ಟ, ಮಣ್ಣಾಗುವವರೆಗೆ ನಿಂತ. ವಾಪಸು ಹೋಗುವಾಗ ಇಬ್ಬರೂ ನಾಕಾದ ಕಡೆಯಿಂದ ಹೋಗದೆ ಹೊಲದ ದಾರಿ ಹಿಡಿದು ಸ್ಟೇಷನ್ನಿಗೆ ನಡೆದರು.

ಎಪ್ಪತ್ತೆಂಟರಲ್ಲಿ ಚಿಂಚೋಳಿಯ ಕಡೆಯಿಂದ ನಾಲ್ಕು ಜನ ಖಂಡೆಪ್ಪನನ್ನು ಹುಡುಕಿಕೊಂಡು ಬಂದರು. ಅಲ್ಲಿ ಬಾವಿ ತೋಡುವಾಗ ಐದು ಮಂದಿ ಸತ್ತಿದ್ದರು. ಕಲ್ಲು ನಿಲ್ಲಿಸಬೇಕು, ನಾಕಾದಲ್ಲಿ ಇರುವಂಥದ್ದೇ ಬೇಕು, ರೂಪ ಇದ್ದರೆ ನಾಲ್ಕು ಮಂದಿ ನಿಂತು ನೋಡುತ್ತಾರೆ ಎಂದರು. ಒಬ್ಬ ಹೆಂಗಸು, ಹಮೀದಾಬಿ, ಎಲ್ಲರಿಗಿಂತ ಹಿಂದೆ ಕೂತಿದ್ದಳು. ಸತ್ತವರಲ್ಲಿ ಒಬ್ಬ ಅವಳ ಮಗ. ಹತ್ತೊಂಬತ್ತು ವರ್ಷ. ಅವನ ಒಂದೂ ಫೋಟೋ ಇಲ್ಲ, ಹೇಗಿದ್ದನೆಂದು ನಾನು ಹೇಳುತ್ತೇನೆ, ಕೂತು ಹೇಳುತ್ತೇನೆ ಎಂದಳು.

ಕಲ್ಲು ಎಲ್ಲಿ ನಿಲ್ಲಿಸುತ್ತೀರಿ ಎಂದು ಖಂಡೆಪ್ಪ ಕೇಳಿದ. ಬಸ್ ನಿಲ್ಲುವ ಕಡೆ, ದೊಡ್ಡ ರಸ್ತೆಯ ಮೇಲೆ ಎಂದರು.

ಹೆಸರು ಕೊರೆದುಕೊಡುತ್ತೇನೆ, ರೂಪ ಕೆತ್ತುವುದನ್ನು ಬಿಟ್ಟಿದ್ದೇನೆ ಎಂದ. ಯಾಕೆ ಎಂದು ಅವರು ಕೇಳಿದರು, ಎರಡು ಸಲ ಕೇಳಿದರು. ಅವನು ಮತ್ತೆ ಅದೇ ಮಾತು ಹೇಳಿದ. ಹಮೀದಾಬಿಯ ಮುಖ ನೋಡುವುದು ಮಾತ್ರ ಅವನಿಂದ ಆಗಲಿಲ್ಲ. ಅವಳ ಮಗನ ಹೆಸರೇನೆಂದು ತಲೆ ತಗ್ಗಿಸಿಯೇ ಕೇಳಿದ.

“ಸಿರಾಜುದ್ದೀನ,” ಎಂದಳು ಅವಳು.

ಅವನು ಸೀಸದ ಕಡ್ಡಿ ತೆಗೆದು ಕಾಗದದ ಮೇಲೆ ಬರೆದುಕೊಂಡು, ಸರಿಯಾಗಿದೆಯೇ ಎಂದು ಓದಿ ಹೇಳಿದ.